ನಿನ್ನ ಫರಸಿ ಖಾಲಿ ಅದ

ನಮ್ಮೂರಲ್ಲಿ ಅವರಿಗೆ ‘ಚಾ ಮಾಸ್ತರ್’ ಅನ್ನುತ್ತಿದ್ದರು. ಎದುರಿಗೆ ಎಲ್ಲರಿಗೂ ಅವರು ಸರ್. ಹಿಂದಿನಿಂದ ಮಾತ್ರ ಈ ಹೆಸರು. ಕೆಲವರು ಪ್ರೀತಿಯಿಂದ ಅನ್ನುತ್ತಿದ್ದರು. ಕೆಲವರ ಮಾತಿನಲ್ಲಿ ಹಗುರ ಇರುತ್ತಿತ್ತು. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗದೆ ಓಣಿ ಓಣಿ ತಿರುಗಿ, ಸಿಕ್ಕವರ ಕಟ್ಟೆ ಮೇಲೆ ಕೂತು, ಚಾ ಕುಡಿದು, ಹರಟೆ ಹೊಡೆದು ಹೊತ್ತು ಕಳೆಯುವ ಮಾಸ್ತರ್ ಅಂತ.

ಹೋದ ದೀಪಾವಳಿ ಮುಗಿದು ಸ್ವಲ್ಪ ದಿನಕ್ಕೆ ಸರ್ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ದಿನದಿಂದ ಆ ಹೆಸರೇ ತಲೆಯಲ್ಲಿ ಸುತ್ತುತ್ತಿದೆ. ಆ ಚಾ ನಮ್ಮೂರಲ್ಲಿ ಏನೇನು ಕೆಲಸ ಮಾಡಿತು ಅನ್ನೋದನ್ನ ಯಾರಾದರೂ ಬರೆದಿಡಬೇಕು. ನನಗೆ ಗೊತ್ತಿರುವಷ್ಟನ್ನು ನಾನು ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲ್ಲೂಕು. ಒಂದು ಕಡೆ ವಾಡಿ ಜಂಕ್ಷನ್, ಇನ್ನೊಂದು ಕಡೆ ಕಾಗಿಣಾ ಹೊಳೆ. ಮೇಲೆ ತೊಗರಿ ಬೆಳೆಯುವ ಕಪ್ಪು ಮಣ್ಣು, ಕೆಳಗೆ ಕಲ್ಲು. ಶಹಾಬಾದ್ ಕಲ್ಲು ನೀವು ನೋಡಿರುತ್ತೀರಿ, ಅಲ್ವಾ? ಅದಕ್ಕೆ ನಾವು ಫರಸಿ ಅಂತೀವಿ. ಭೂಮಿಯೊಳಗೆ ಪದರ ಪದರವಾಗಿ ಮಲಗಿರುವ ಸುಣ್ಣದ ಕಲ್ಲು ಅದು. ಹಾರೆ ಹಾಕಿ ಎಬ್ಬಿಸಿದರೆ ಹೆಂಚಿನ ಮೇಲಿನ ರೊಟ್ಟಿ ಹಾಗೆ ಚಪ್ಪಟೆಯಾಗಿ ಬಿಟ್ಟುಕೊಳ್ಳುತ್ತದೆ. ನಮ್ಮ ಕಡೆ ಮನೆಯ ನೆಲ ಅದೇ, ಮಾಳಿಗೆ ಅದೇ, ದನಕ್ಕೆ ನೀರು ಇಡುವ ತೊಟ್ಟಿ ಅದೇ.

ಶಾಲೆಯ ನೆಲವೂ ಅದೇ. ಬೆಂಚು ಇರಲಿಲ್ಲ. ನೆಲದ ಮೇಲೆ ಸಾಲಾಗಿ ಕೂತುಕೊಳ್ಳುತ್ತಿದ್ದೆವು. 2001ರಲ್ಲಿ ಸರ್ ವರ್ಗವಾಗಿ ನಮ್ಮೂರಿಗೆ ಬಂದಾಗ ನಾನು ನಾಲ್ಕನೇ ತರಗತಿ. ಅವರು ಬಂದ ಮೊದಲ ವಾರವೇ ಒಂದು ಹೊಸ ಪದ್ಧತಿ ಮಾಡಿದರು. ಒಬ್ಬೊಬ್ಬರಿಗೆ ಒಂದೊಂದು ಫರಸಿ ಹಂಚಿಬಿಟ್ಟರು. ಎರಡು ಅಡಿ ಉದ್ದ, ಎರಡು ಅಡಿ ಅಗಲದ ನೆಲ, ಅದು ನಿನ್ನದು. ಅದರ ಮೇಲೆ ಖಡು, ಅಂದರೆ ಸೀಮೆಸುಣ್ಣ, ಹಿಡಿದು ಲೆಕ್ಕ ಮಾಡಬೇಕು, ಸರ್ ಬಗ್ಗಿ ನೋಡುತ್ತಾ ಬರುತ್ತಾರೆ. ಸಂಜೆ ಒದ್ದೆ ಬಟ್ಟೆಯಿಂದ ಒರೆಸಿ ಹೋಗಬೇಕು. ಒದ್ದೆಯಾದ ಫರಸಿ ಕಪ್ಪಗೆ ಕಾಣುತ್ತದೆ, ಆರುತ್ತಾ ಆರುತ್ತಾ ಬೂದಿ ಬಣ್ಣಕ್ಕೆ ಬರುತ್ತದೆ. ಅದು ಪೂರ್ತಿ ಆರುವ ಮುಂಚೆ ಬರೆದರೆ ಅಕ್ಷರ ಎಷ್ಟು ಚೆಂದ ಮೂಡುತ್ತಿತ್ತು ಅಂದರೆ, ಬೆಳಗ್ಗೆ ಬೇಗ ಬಂದು ನೀರು ಹಚ್ಚಿ ಕಾಯುತ್ತಿದ್ದೆವು. ನನ್ನದು ಮೂಲೆ ಒಡೆದ ಫರಸಿ. ಕಿಟಕಿ ಕೆಳಗೆ, ಎರಡನೇ ಸಾಲು. ಸ್ವಂತದ್ದು ಅಂತ ನನಗೆ ಸಿಕ್ಕ ಮೊದಲ ಜಾಗ ಅದು.

ಆ ವರ್ಷ ನನಗೆ ಜ್ವರ ಬಂದು ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಐದನೇ ದಿನ ಸಂಜೆ ಸರ್ ನಮ್ಮ ಮನೆ ಮುಂದೆ ನಿಂತಿದ್ದರು. ನಮ್ಮ ಓಣಿ ಊರ ಕೊನೆಗೆ. ಊರೊಳಗಿನವರು ಅಲ್ಲಿಗೆ ಬಂದರೆ ದೂರದಲ್ಲೇ ನಿಂತು ಕೆಲಸಕ್ಕೆ ಕರೆದು ಹೋಗುತ್ತಿದ್ದರು. ಕೂತವರಿಲ್ಲ. ನೀರು ಕೇಳಿದವರಂತೂ ಇಲ್ಲವೇ ಇಲ್ಲ. ಸರ್ ಬಂದವರೇ ಕಟ್ಟೆ ಮೇಲೆ ಕೂತರು, ನನ್ನ ಹಣೆ ಮುಟ್ಟಿ ನೋಡಿದರು, ಆಮೇಲೆ ಅವ್ವನ ಕಡೆ ತಿರುಗಿ “ಚಾ ಮಾಡ್ತಿ ಏನವ್ವಾ?” ಅಂದರು.

ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. “ನಮ್ಮ ಮನ್ಯಾಗ ಕುಡೀತೀರೇನ್ರಿ ಸರ?”

“ಯಾಕವ್ವಾ, ನೀವು ಚಾದಾಗ ಸಕ್ರಿ ಹಾಕಲ್ಲೇನು? ಅರ್ಧ ಕಪ್ ಸಾಕು ನೋಡು.”

ಮನೆಯಲ್ಲಿ ಕಪ್ ಇರಲಿಲ್ಲ. ಸ್ಟೀಲ್ ಲೋಟದಲ್ಲಿ ಕೊಟ್ಟಳು. ಮುಂದಿನ ಸಂತೆಯಲ್ಲಿ ನೀಲಿ ಹೂವಿನ ಕಪ್ಪು-ಬಸಿ ತಂದು ಇಟ್ಟಳು, ಸರ್‌ಗೆ ಅಂತಲೇ. ಸರ್ ಎರಡು ಸಲ ಅದರಲ್ಲಿ ಕುಡಿದರು. ಮೂರನೇ ಸಲ, “ನೀವೆಲ್ಲಾ ಯಾವುದ್ರಾಗ ಕುಡೀತೀರಿ ಅದ್ರಾಗೇ ಕೊಡವ್ವಾ” ಅಂದರು. ಕಪ್ಪು-ಬಸಿ ಗೂಡಿಗೆ ಹೋಯಿತು. ಆಮೇಲೆ ಎಷ್ಟೋ ವರ್ಷ ನಾನೂ ತಂಗಿಯೂ ಅದರಲ್ಲಿ ಹಾಲು ಕುಡಿದೆವು.

ಈ ಅರ್ಧ ಕಪ್ಪಿಗೂ ಒಂದು ಲೆಕ್ಕ ಇತ್ತು. ದಿನಾ ಆರೇಳು ಮನೆ ಆಗಬೇಕು, ಪೂರಾ ಕುಡಿದರೆ ಹೇಗೆ? ಎಲ್ಲ ಮನೆಯಲ್ಲೂ ಅದೇ ಮಾತು: “ಅರ್ಧ ಕಪ್.” ಗೌಡರ ಮನೆಯಲ್ಲೂ ಅರ್ಧ, ನಮ್ಮ ಮನೆಯಲ್ಲೂ ಅರ್ಧ, ತಾಂಡಾದಲ್ಲೂ ಅರ್ಧ. ಬೇರೆ ಬೇರೆ ಮನೆಗೆ ಬೇರೆ ಬೇರೆ ಅಳತೆ ಇರಲಿಲ್ಲ. ಇದನ್ನು ಆಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಮ್ಮ ಓಣಿಯ ಹೆಂಗಸರೆಲ್ಲರೂ ಗಮನಿಸಿದ್ದರು. ಅವ್ವ ಈಗಲೂ ಹೇಳುತ್ತಾಳೆ.

ಅವರ ಮಾತಿನ ರುಚಿ ಬರೆದು ತೋರಿಸೋದು ಕಷ್ಟ. ತಾಂಡಾಕ್ಕೆ ಹೋದರೆ ಲಂಬಾಣಿಯಲ್ಲಿ ಶುರು ಮಾಡುತ್ತಿದ್ದರು. ಸೇಡಂ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳ ಜೊತೆ ತೆಲುಗು. ಟೇಲರ್ ಚಾಚಾನ ಅಂಗಡಿಯಲ್ಲಿ ಒಳ್ಳೆ ಉರ್ದು. ಆ ಉರ್ದು ಅವರಿಗೆ ತಂದೆಯಿಂದ ಬಂದದ್ದು. ಅವರ ತಂದೆ ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿದವರು. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ನಮ್ಮ ಸೀಮೆಗೆ ಅದು ಬಂದದ್ದು ಹದಿಮೂರು ತಿಂಗಳು ತಡವಾಗಿ, 1948ರ ಸೆಪ್ಟೆಂಬರ್ 17ಕ್ಕೆ. ಅಲ್ಲಿ ತನಕ ಕಚೇರಿ ಭಾಷೆ ಉರ್ದು, ಓದಿ ಮುಂದೆ ಬರಬೇಕು ಅಂದರೂ ಉರ್ದು. “ನಮ್ಮಪ್ಪ ಮನ್ಯಾಗ ಕನ್ನಡ ಮಾತಾಡಿ, ಸಾಲ್ಯಾಗ ಉರ್ದು ಓದಿ, ಲೆಕ್ಕ ಮಾತ್ರ ಮನಸಿನ್ಯಾಗ ಕನ್ನಡದಾಗ ಮಾಡ್ತಿದ್ರು” ಅಂತ ಸರ್ ಹೇಳುತ್ತಿದ್ದರು. ಭಾಷೆ ಬರದ ಶಾಲೆಯಲ್ಲಿ ಮಗು ಹೇಗೆ ಬೆದರಿ ಕೂತಿರುತ್ತದೆ ಅನ್ನೋದು ಅವರಿಗೆ ಅವರ ಮನೆಯಿಂದಲೇ ಗೊತ್ತಿತ್ತು. ಅದಕ್ಕೇ ಇರಬೇಕು, ತಾಂಡಾದ ಮಕ್ಕಳಿಗೆ ಮೊದಲ ಆರು ತಿಂಗಳು ಲಂಬಾಣಿಯಲ್ಲೇ ಎಣಿಸಲು ಬಿಡುತ್ತಿದ್ದರು.

ಮನೆಗೆ ಬಂದಾಗ ಓದಿನ ವಿಷಯ ಎತ್ತುತ್ತಲೇ ಇರಲಿಲ್ಲ. ತೊಗರಿಗೆ ರೇಟ್ ಏನಾಯಿತು, ಎಮ್ಮೆ ಯಾವಾಗ ಈಯುತ್ತದೆ, ಮಗಳು ಹೆರಿಗೆಗೆ ಬಂದಳಾ, ಮೊಣಕಾಲು ಹೇಗಿದೆ. ಇವೇ. ಯಾವ ಮನೆಯಲ್ಲೂ “ನಿಮ್ಮ ಪೋರ ಓದಲ್ಲ” ಅಂದದ್ದನ್ನು ನಾನು ಕೇಳಿಲ್ಲ. ಆದರೆ ಮಾರನೇ ದಿನ ತರಗತಿಯಲ್ಲಿ ಯಾರನ್ನು ಏನು ಕೇಳಬಾರದು ಅಂತ ಅವರಿಗೆ ಗೊತ್ತಿರುತ್ತಿತ್ತು. ರಾತ್ರಿ ಅಪ್ಪ ಕುಡಿದು ಗಲಾಟೆ ಮಾಡಿದ ಮನೆಯ ಹುಡುಗನಿಗೆ ಅವತ್ತು ಮಗ್ಗಿ ಕೇಳುತ್ತಿರಲಿಲ್ಲ. ಅವನ ಕೈಗೆ ಖಡು ಡಬ್ಬಿ ಕೊಟ್ಟು ಎಲ್ಲರಿಗೂ ಹಂಚು ಅನ್ನುತ್ತಿದ್ದರು.

ಒಂದೇ ಒಂದು ಸಲ ಅವರು ಹೊಡೆದದ್ದು ನೋಡಿದ್ದೇನೆ. ಖಡು ಕದ್ದನೆಂದು ಒಬ್ಬನ ಕೆನ್ನೆಗೆ. ಅವತ್ತು ಸಂಜೆ ಅವನ ಮನೆಗೆ ಹೋದರು. ನಾವು ನಾಲ್ಕು ಜನ ಹಿಂದೆ ಹಿಂದೆ ಹೋದೆವು, ಇನ್ನೂ ಏನೋ ಆಗುತ್ತದೆ ಅಂತ. ಅವನು ಜೋಳದ ಚೀಲಗಳ ಹಿಂದೆ ಅಡಗಿ ಕೂತಿದ್ದ. ಸರ್ ಅವನ ಅವ್ವನ ಮುಂದೆ, ಅವನಿಗೆ ಕೇಳಿಸುವ ಹಾಗೆ, “ಇವತ್ತ ನನ್ನ ಕೈ ತಪ್ಪು ಮಾಡ್ತವ್ವಾ” ಅಂದರು. ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಚಾ ಮಾಡಿದಳು. ಆ ಹುಡುಗ ಈಗ ಲಾರಿ ಓಡಿಸುತ್ತಾನೆ. ಸರ್ ಸುದ್ದಿ ಕೇಳಿ ನಾಗಪುರದಲ್ಲಿ ಲಾರಿ ನಿಲ್ಲಿಸಿ ರೈಲು ಹಿಡಿದು ಬಂದಿದ್ದ. ಅವನು ಅತ್ತಷ್ಟು ಯಾರೂ ಅಳಲಿಲ್ಲ.

2002ನೇ ಇಸವಿ ನಮ್ಮ ಮನೆಗೆ ಕೆಟ್ಟ ವರ್ಷ. ಆ ವರ್ಷ ಜೂನ್‌ನಲ್ಲಿ ಬಿಸಿಯೂಟ ಶುರುವಾಗಿತ್ತು. ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಕಡೆಯ ಜಿಲ್ಲೆಗಳಲ್ಲೇ. ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಅನ್ನ ಸಾರಿನ ವಾಸನೆ ಬರುತ್ತಿತ್ತು. ಆದರೆ ಹೊಲದಲ್ಲಿ ಏನೂ ಇರಲಿಲ್ಲ. ನಮ್ಮದು ಎರಡೆಕರೆ. ಮಳೆ ಕೈಕೊಟ್ಟು ತೊಗರಿ ಹೂವಿಗೆ ಬರುವ ಮುಂಚೆಯೇ ಬಾಡಿತು. ದೀಪಾವಳಿ ಕಳೆದ ಮೇಲೆ ಅರ್ಧ ಓಣಿ ಗುಳೆ ಹೊರಟಿತು. ವಾಡಿಯಿಂದ ರಾತ್ರಿ ಗಾಡಿ ಹತ್ತಿ ನಾವು ಪುಣೆಗೆ ಹೋದೆವು. ಗುತ್ತೇದಾರ ಎಲ್ಲಿ ಇಳಿಸಿದನೋ ಅಲ್ಲಿ ಇಳಿದೆವು. ಊರಾಚೆ ನಾಲ್ಕು ಮಹಡಿಯ ಕಟ್ಟಡ ಏಳುತ್ತಿತ್ತು. ಪಕ್ಕದಲ್ಲಿ ತಗಡಿನ ಶೆಡ್. ಅಪ್ಪ-ಅವ್ವ ಬುಟ್ಟಿ ಹೊರುತ್ತಿದ್ದರು. ನನ್ನ ಕೆಲಸ ಒಂದೂವರೆ ವರ್ಷದ ತಂಗಿಯನ್ನು ನೋಡಿಕೊಳ್ಳೋದು.

ಹೊರಡುವ ಹಿಂದಿನ ದಿನ ಸರ್ ಬಂದಿದ್ದರು. ಹೋಗಬೇಡಿ ಅನ್ನಲಿಲ್ಲ. ಹೋಗಬೇಡಿ ಅಂದರೆ ತಿನ್ನಲು ಏನು ಕೊಡೋದು ಅನ್ನೋದು ಅವರಿಗೆ ಗೊತ್ತಿತ್ತು. “ಅಲ್ಲಿ ಹತ್ರದಾಗ ಕಿರಾಣಿ ಅಂಗಡಿ ಯಾವುದದ ಅಂತ ಯಾರ ಕೈಲಾದ್ರೂ ಹೇಳಿ ಕಳಿಸು” ಅಂತ ಅಪ್ಪನಿಗೆ ಹೇಳಿದರು, ಅಷ್ಟೇ. ಸಂಕ್ರಾಂತಿಗೆ ಊರಿಗೆ ಹೋದವರೊಬ್ಬರು ಅಂಗಡಿಯ ಹೆಸರು, ಗಲ್ಲಿ ಹೇಳಿದ್ದರಂತೆ.

ಒಂದು ದಿನ ಅಂಗಡಿಯವನು ನನ್ನನ್ನು ಕೂಗಿ ಕರೆದ. ಕೈಯಲ್ಲಿ ಐವತ್ತು ಪೈಸೆಯ ಕಾರ್ಡು. ವಿಳಾಸ ಮರಾಠಿಯಲ್ಲಿತ್ತು, ಅವನಿಗೆ ಓದಲು ಬರಲಿ ಅಂತ. ಒಳಗಿನ ಮಾತೆಲ್ಲ ಕನ್ನಡದಲ್ಲಿ. ಆ ಕಾರ್ಡು ಇವತ್ತೂ ನನ್ನ ಹತ್ತಿರ ಇದೆ. ಸಣ್ಣ, ದುಂಡಗಿನ ಅಕ್ಷರ:

“ಚಿರಂಜೀವಿಗೆ ಆಶೀರ್ವಾದ. ಇತ್ತ ಎಲ್ಲಾ ಕ್ಷೇಮ. ನಿಮ್ಮ ಅಜ್ಜಿಗೆ ಕಣ್ಣಿನ ಔಷಧಿ ತಂದು ಕೊಟ್ಟೀನಿ. ಚಾಚಾನ ಆಡು ಎರಡು ಮರಿ ಹಾಕ್ಯದ. ಒಂದು ಲೆಕ್ಕ ಕಳಿಸೀನಿ, ಮಾಡು. 12345679ಕ್ಕೆ 9ರಿಂದ ಗುಣಿಸು. 8 ಬರೆಯೋದು ನಾ ಮರೆತಿಲ್ಲ, ಅದು ಹಂಗೇ ಅದ. ಉತ್ತರ ಬಂದ್ರ ನನಗ ಬರಿ. ನಿನ್ನ ಫರಸಿ ಖಾಲಿ ಅದ.”

ಪಾಟಿ ಇರಲಿಲ್ಲ. ತಂಗಿಯನ್ನು ಸೊಂಟಕ್ಕೆ ಏರಿಸಿಕೊಂಡು ಕಟ್ಟಡದ ಮೊದಲ ಮಹಡಿಗೆ ಹೋದೆ. ಅಲ್ಲಿನ ಗೋಡೆಗಳಿಗೆ ಗಿಲಾವು ಇನ್ನೂ ಆಗಿರಲಿಲ್ಲ, ಬರೀ ಸಿಮೆಂಟ್ ಇಟ್ಟಂಗಿ. ಒಂದು ಕೆಂಪು ಇಟ್ಟಂಗಿ ಚೂರು ತಗೊಂಡು ಅದರ ಮೇಲೆ ದೊಡ್ಡದಾಗಿ ಬರೆದೆ. ಒಂಬತ್ತೊಂಬತ್ಲ ಎಂಬತ್ತೊಂದು: 1 ಕೆಳಗೆ, 8 ಕೈಯಲ್ಲಿ. ಒಂಬತ್ತೇಳ್ಲ ಅರವತ್ಮೂರು, ಅದಕ್ಕೆ 8 ಕೂಡಿಸಿದರೆ ಎಪ್ಪತ್ತೊಂದು: ಮತ್ತೆ 1. ಒಂಬತ್ತಾರ್ಲ ಐವತ್ನಾಲ್ಕು, 7 ಕೂಡಿಸಿದರೆ ಅರವತ್ತೊಂದು: ಮತ್ತೆ 1. ನನಗೆ ತಪ್ಪಾಯಿತು ಅನ್ನಿಸಿತು. ಒರೆಸಿ ಮೊದಲಿನಿಂದ ಮಾಡಿದೆ. ಮತ್ತೆ ಅದೇ. ಕೊನೆಗೆ ಗೋಡೆಯ ಉದ್ದಕ್ಕೂ ಒಂಬತ್ತು ಒಂದುಗಳು ಸಾಲಾಗಿ ನಿಂತವು. 111111111.

ಹನ್ನೊಂದು ವರ್ಷದ ಹುಡುಗ ನಾನು. ಸುತ್ತ ಮರಳು, ಜಲ್ಲಿ, ನನಗೆ ತಿಳಿಯದ ಭಾಷೆ. ಆ ಗೋಡೆ ಮುಂದೆ ನಿಂತು ಜೋರಾಗಿ ನಕ್ಕುಬಿಟ್ಟೆ. ಏನೂ ಗೊತ್ತಿಲ್ಲದ ತಂಗಿಯೂ ನಕ್ಕಳು.

ಉತ್ತರ ಬರೆದೆ. ಎರಡನೇ ಕಾರ್ಡು ಬಂತು: “ಈಗ 18ರಿಂದ ಗುಣಿಸು. ಆಮೇಲೆ 27ರಿಂದ.” ಎರಡುಗಳ ಸಾಲು, ಮೂರುಗಳ ಸಾಲು ಬಂದವು. ಮುಂದಿನದು ಅವರು ಹೇಳದೆ ನನಗೇ ಹೊಳೆಯಿತು. 63ರಿಂದ ಗುಣಿಸಿದೆ, ಎಲ್ಲಾ ಏಳು. ಒಂದು ಗೋಡೆ ತುಂಬಿ ಇನ್ನೊಂದು ಗೋಡೆಗೆ ಹೋದೆ. ಮೂರನೇ ಕಾರ್ಡಿನಲ್ಲೂ ಕೊನೆಗೆ ಅದೇ ಸಾಲು ಇತ್ತು. ನಿನ್ನ ಫರಸಿ ಖಾಲಿ ಅದ.

ಅದು ಬರೀ ಮಾತಲ್ಲ ಅಂತ ಮೇ ತಿಂಗಳಲ್ಲಿ ಊರಿಗೆ ಬಂದಾಗ ಗೊತ್ತಾಯಿತು. ಆ ಆರು ತಿಂಗಳು ಆ ಒಡೆದ ಮೂಲೆಯ ಫರಸಿ ಮೇಲೆ ಯಾರನ್ನೂ ಕೂಡಿಸಿರಲಿಲ್ಲವಂತೆ. ಹಾಗೆ ಆ ವರ್ಷ ಹದಿನಾಲ್ಕು ಫರಸಿಗಳು ಖಾಲಿ ಇದ್ದವಂತೆ. ಉಳಿದ ಮಕ್ಕಳಿಗೆ ಇಕ್ಕಟ್ಟಾದರೂ ಆ ಜಾಗ ಬಿಟ್ಟೇ ಕೂರುತ್ತಿದ್ದರಂತೆ. ಹದಿನಾಲ್ಕರಲ್ಲಿ ಒಂಬತ್ತು ಜನ ವಾಪಸ್ ಬಂದೆವು. ಐದು ಜನ ಬರಲಿಲ್ಲ. ಆ ಐವರ ಹೆಸರು ಸರ್ ಕೊನೆಯ ತನಕ ಮರೆತಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ಒಬ್ಬರದಾದರೂ ಸುದ್ದಿ ಕೇಳುತ್ತಿದ್ದರು.

ಮುಂದಿನ ವರ್ಷವೂ ಮಳೆ ಸರಿ ಇರಲಿಲ್ಲ. ಅಪ್ಪ-ಅವ್ವ ಮತ್ತೆ ಹೊರಟರು. ನನ್ನನ್ನು ಅಜ್ಜಿ ಹತ್ತಿರ ಬಿಡೋದು ಅಂತಾಯಿತು. ಅಜ್ಜಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಒಲೆ ಮುಂದೆ ಕೂರಲು ಆಗುತ್ತಿರಲಿಲ್ಲ. ಮಧ್ಯಾಹ್ನದ ಊಟ ಶಾಲೆಯಲ್ಲಿ ಆಗುತ್ತದೆ. ರಾತ್ರಿಗೆ?

ಹಿಂದೆ ನಮ್ಮ ಕಡೆ ವಾರಾನ್ನ ಅಂತ ಇತ್ತು. ಪರಊರಿಂದ ಓದಲು ಬಂದ ಬಡ ಹುಡುಗರಿಗೆ ದಿನಕ್ಕೊಂದು ಮನೆಯವರು ಊಟ ಹಾಕುತ್ತಿದ್ದರು. ಹಾಗೆ ಉಂಡು ಓದಿ ದೊಡ್ಡವರಾದವರ ಕಥೆ ಎಷ್ಟೋ ಇವೆ. ಆದರೆ ನಮ್ಮ ಓಣಿಯ ಹುಡುಗನಿಗೆ ಯಾರು ವಾರಾನ್ನ ಹಾಕುತ್ತಿದ್ದರು? ಆ ಪದ ನಮಗೆ ಸೇರಿದ್ದಾಗಿರಲಿಲ್ಲ.

ಸರ್ ಯಾವ ಭಾಷಣವನ್ನೂ ಮಾಡಲಿಲ್ಲ, ಯಾರನ್ನೂ ತಿದ್ದಲು ಹೋಗಲಿಲ್ಲ. ಅಷ್ಟು ದಿನ ಕುಡಿದ ಅರ್ಧ ಅರ್ಧ ಕಪ್ ಚಾ ಇತ್ತಲ್ಲ, ಅದು ಆಗ ಕೆಲಸಕ್ಕೆ ಬಂತು. ಯಾವ ಮನೆಯಲ್ಲಿ ಒಂದು ರೊಟ್ಟಿ ಜಾಸ್ತಿ ಬಡಿಯಲು ಬೇಸರ ಇಲ್ಲ, ಯಾವ ಮನೆಯ ಯಜಮಾನ ಒಪ್ಪದಿದ್ದರೂ ಅತ್ತೆ ಒಪ್ಪುತ್ತಾಳೆ, ಎಲ್ಲಿ ಕೇಳಬಹುದು, ಎಲ್ಲಿ ಕೇಳಿದರೆ ಮುಜುಗರ ಆಗುತ್ತದೆ, ಎಲ್ಲವೂ ಅವರಿಗೆ ಗೊತ್ತಿತ್ತು. ಒಂದೇ ವಾರದಲ್ಲಿ ಏಳು ಮನೆ ಹೊಂದಿಸಿದರು. ಸೋಮವಾರ ನಮ್ಮ ಓಣಿಯ ಚಿಕ್ಕವ್ವನ ಮನೆ. ಮಂಗಳವಾರ ಟೇಲರ್ ಚಾಚಾನ ಮನೆ. ಗುರುವಾರ ತಾಂಡಾದ ಒಬ್ಬ ತಾಯಿ ಖಾರ ಹಚ್ಚಿದ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಶಾಲೆಗೇ ಕಳಿಸುತ್ತಿದ್ದಳು. ಊರೊಳಗಿನ ಎರಡು ಮನೆಗಳೂ ಇದ್ದವು. ಅದರಲ್ಲಿ ಒಂದು ಮನೆಯಲ್ಲಿ ಮೊದಲ ತಿಂಗಳು ಹೊರಗಿನ ಕಟ್ಟೆಯಲ್ಲಿ ಕೊಟ್ಟರು. ಎರಡನೇ ತಿಂಗಳು ಸರ್ ನನ್ನ ಜೊತೆ ಅದೇ ಕಟ್ಟೆ ಮೇಲೆ ತಾಟು ಇಟ್ಟುಕೊಂಡು ಕೂತು ಉಂಡರು. ಮೂರನೇ ತಿಂಗಳು ಆ ಮನೆಯ ಅಜ್ಜಿ ಒಳಗೆ ಪಡಸಾಲೆಗೆ ಕರೆದಳು. ನನಗೆ ಆಗ ಇದೆಲ್ಲ ಅರ್ಥ ಆಗುವ ವಯಸ್ಸಲ್ಲ. ಹಸಿವಿತ್ತು, ಉಂಡೆ.

ಶನಿವಾರ ಸರ್ ಮನೆ. ಅವ್ವಾರು, ಅಂದರೆ ಸರ್ ಹೆಂಡತಿ, ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಡಿಸುತ್ತಿದ್ದರು. ನಾನು ಉಂಡು ಮುಗಿಸಿದರೂ ಸರ್ ಬಂದಿರುತ್ತಿರಲಿಲ್ಲ. ಒಲೆ ಪಕ್ಕದಲ್ಲಿ ಅವರ ಚಾ, ಮೇಲೆ ಬಸಿ ಮುಚ್ಚಿ ಇಟ್ಟದ್ದು, ಆರುತ್ತಾ ಇರುತ್ತಿತ್ತು. ಅವ್ವಾರು ಒಂದು ಸಲ ಬಿಸಿ ಮಾಡಿ ಮತ್ತೆ ಮುಚ್ಚುತ್ತಿದ್ದರು.

ಅದೇ ವರ್ಷ ಚಳಿಗಾಲದಲ್ಲಿ ಸರ್ ನಮ್ಮನ್ನು ಮಳಖೇಡಕ್ಕೆ ಕರೆದುಕೊಂಡು ಹೋದರು. ಚಿತ್ತಾಪುರದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದೆವು. ಕಾಗಿಣಾ ದಂಡೆಯಲ್ಲಿ ಬಿದ್ದು ಹೋದ ಕೋಟೆ. ಗೋಡೆಗಳಿಗೂ ನಮ್ಮ ಅದೇ ಫರಸಿ ಕಲ್ಲು. ಆಡುಗಳು ಮೇಯುತ್ತಿದ್ದವು. “ಇದು ರಾಜಧಾನಿ” ಅಂದರು ಸರ್. ನಾವು ನಂಬಲಿಲ್ಲ. ರಾಜಧಾನಿ ಅಂದರೆ ಬೆಂಗಳೂರು, ಅಲ್ವಾ?

ಆ ಗೋಡೆ ನೆರಳಲ್ಲಿ ಕೂಡಿಸಿ ಹೇಳಿದರು. ಇದು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಇಲ್ಲಿಂದ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ಅವನ ಆಸ್ಥಾನದ್ದು. ಕಾವೇರಿಯಿಂದ ಗೋದಾವರಿ ತನಕ ಕನ್ನಡ ನಾಡು ಅಂತ ಅದರಲ್ಲಿ ಬರೆದಿದೆ. “ನಮ್ಮ ಕನ್ನಡ ಖಡಕ್ ಅದ, ಹಂಗದ, ಹಿಂಗದ ಅಂತ ಯಾರರ ನಕ್ಕರ ತಲಿ ತಗ್ಗಿಸಬ್ಯಾಡ್ರಿ. ಕನ್ನಡಕ್ಕ ಮೊದಲ ಪುಸ್ತಕ ಈ ಹೊಳಿ ದಂಡಿ ಮ್ಯಾಲೆ ಹುಟ್ಟ್ಯದ.” ಆಮೇಲೆ ನಾನು ಓದಿಗೆ, ಕೆಲಸಕ್ಕೆ ಅಂತ ಬೇರೆ ಊರುಗಳಲ್ಲಿ ಇದ್ದಾಗ ನನ್ನ ಮಾತು ಕೇಳಿ ನಕ್ಕವರು ಇದ್ದರು. ಪ್ರತಿ ಸಲವೂ ನನಗೆ ಆ ಗೋಡೆಯ ನೆರಳು ನೆನಪಾಗಿದೆ.

ಹೊಳೆ ದಂಡೆಯ ಮರಳಲ್ಲಿ ಒಂದು ಕಡ್ಡಿ ಹಿಡಿದು ಬರೆದರು: 139 × 109. ಮಾಡಿರಿ ಅಂದರು. 15151 ಬಂತು. “ಈ ಕಡಿಯಿಂದ ಓದು. ಈಗ ಆ ಕಡಿಯಿಂದ ಓದು.” ಎರಡೂ ಕಡೆಯಿಂದ ಒಂದೇ. ಇಂಥ ಲೆಕ್ಕಕ್ಕೆ ಹಾರ ಅಂತ ಹೆಸರಂತೆ, ಕೊರಳಿಗೆ ಹಾಕುವ ಮಣಿ ಹಾರದ ಹಾಗೆ ಎರಡೂ ಬದಿ ಸಮ. ನೃಪತುಂಗನ ಕಾಲದಲ್ಲೇ ಇದ್ದ ಮಹಾವೀರಾಚಾರ್ಯ ಅನ್ನುವ ಗಣಿತಜ್ಞ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಹಾರಗಳನ್ನು ಕಟ್ಟಿಟ್ಟಿದ್ದಾನೆ. ಗಣಿತಕ್ಕೆಂದೇ ಬರೆದ ಪುಸ್ತಕ, ಒಂಬತ್ತನೇ ಶತಮಾನದ್ದು. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅದನ್ನು ಹೊರತಂದರು. ಸರ್ ನನ್ನ ಕಡೆ ತಿರುಗಿದರು. “ಪುಣೆಯಾಗ ನೀ ಗೋಡಿ ಮ್ಯಾಲೆ ಮಾಡಿದಿ ನೋಡು, ಆ ಒಂಬತ್ತು ಒಂದಿನ ಹಾರ, ಅದೂ ಅದೇ ಪುಸ್ತಕದ್ದು ತಮ್ಮಾ.”

ಆಗ ನನಗಾದದ್ದನ್ನು ಹೇಗೆ ಹೇಳಲಿ? ಪುಣೆಯ ಆ ಗೋಡೆಗೂ ಈ ಕೋಟೆಗೂ ನಡುವೆ ಯಾರೋ ನನಗಾಗಿ ಒಂದು ದಾರ ಕಟ್ಟಿದ ಹಾಗಾಯಿತು. ಗುಳೆ ಹೋದ ಹುಡುಗ ಅಂತ ಸಂಗಡಿಗರ ಮುಂದೆ ನನಗೆ ನಾಚಿಕೆ ಇತ್ತು. ಅವತ್ತು ಎಲ್ಲರೂ ನನ್ನ ಸುತ್ತ ನಿಂತು ಗೋಡೆ ಲೆಕ್ಕದ ಕಥೆ ಹೇಳು ಅಂತ ಕೇಳಿದರು.

ಏಳನೇ ತರಗತಿಯಲ್ಲಿ ಶೇಕಡಾ ಲೆಕ್ಕ ಕಲಿಸಿದ್ದು ಅಡತ್ ಅಂಗಡಿಯ ಚೀಟಿಗಳಿಂದ. ತೊಗರಿ ಮಾರಿ ಬಂದ ಮೇಲೆ ಮನೆಮನೆಯಲ್ಲಿ ಇರುವ ಚೀಟಿ ತನ್ನಿರಿ ಅಂದರು. ತೂಕ, ರೇಟು, ಹಮಾಲಿ, ದಲಾಲಿ, ಕೈಗೆ ಬಂದದ್ದು. ಎಲ್ಲವನ್ನೂ ಫರಸಿ ಮೇಲೆ ಬಿಡಿಸಿ ಮಾಡಿಸಿದರು. ಅಪ್ಪನ ಚೀಟಿಯಲ್ಲಿ ನೂರಾ ನಲವತ್ತು ರೂಪಾಯಿ ಕಡಿಮೆ ಬಂದಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಆ ಅಂಗಡಿಗೆ ಹೋದ. ಅಂಗಡಿಯವರು ಕೂಡಿಸಿ ನೋಡಿ, ಹೌದು ಅಂದು, ಹಣ ಎಣಿಸಿ ಕೊಟ್ಟರು. ಬರುವಾಗ ಅಪ್ಪ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಅವ್ವನಿಗೆ, “ಇವನ್ನ ಎಷ್ಟರ ತನಕ ಓದ್ತಾನ ಅಷ್ಟರ ತನಕ ಓದಸೂಣು” ಅಂದ. ಸರ್ ಈ ಮಾತನ್ನು ಒಂದು ಸಲವೂ ನಮ್ಮ ಮನೆಯಲ್ಲಿ ಆಡಿರಲಿಲ್ಲ. ಅಪ್ಪನ ಬಾಯಿಂದಲೇ ಬರಲಿ ಅಂತ ನಾಲ್ಕು ವರ್ಷ ಕಾದಿದ್ದರು ಅಂತ ನನಗೆ ಈಗ ಅನ್ನಿಸುತ್ತದೆ.

ಆಮೇಲಿನದ್ದು ಎಲ್ಲರ ಕಥೆ ಹಾಗೇ. ಚಿತ್ತಾಪುರದಲ್ಲಿ ಹೈಸ್ಕೂಲು, ಕಲಬುರಗಿಯಲ್ಲಿ ಕಾಲೇಜು, ಹೊರಗೆ ಒಂದಿಷ್ಟು ವರ್ಷ, ಈಗ ಕಲಬುರಗಿಯಲ್ಲೇ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸರ್ ನಿವೃತ್ತರಾಗಿ ಚಿತ್ತಾಪುರದಲ್ಲಿ ಮನೆ ಮಾಡಿದರು. ಶುಗರ್ ಬಂತು. ಡಾಕ್ಟರು ಚಾ ಬಿಡಿ ಅಂದರು. ಸಕ್ಕರೆ ಬಿಟ್ಟರು, ಮನೆಗಳಿಗೆ ಹೋಗೋದು ಬಿಡಲಿಲ್ಲ.

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆಯಲ್ಲಿತ್ತು. ಆ ದಿನ ಸರ್‌ಗೆ ಫೋನ್ ಮಾಡಿದ್ದೆ. ತುಂಬಾ ಹೊತ್ತು ಮಾತಾಡಲಿಲ್ಲ ಅವರು. ಮಾಸ್ತರರನ್ನು ಬೈಯುವವರ ಮೇಲೆ ಅವರಿಗೆ ಸಿಟ್ಟಿತ್ತು. ಈಗಿನ ಮಾಸ್ತರರಿಗೆ ಗಣತಿ, ಚುನಾವಣೆ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ, ಒಂದರ ಮೇಲೊಂದು. “ಕಟ್ಟಿ ಮ್ಯಾಲೆ ಕೂಡಾಕ ಅವ್ರಿಗಿ ಹೊತ್ತೆಲ್ಲದಪಾ” ಅಂದರು. ನಾನೂ ಅದನ್ನೇ ನಂಬಿದ್ದೇನೆ. ಕಟ್ಟಡ ಬೇಕು, ಕಂಪ್ಯೂಟರ್ ಬೇಕು, ಖಾಲಿ ಹುದ್ದೆ ತುಂಬಬೇಕು, ಎಲ್ಲಾ ಖರೆ. ಆದರೆ ಎರಡನೇ ಸಾಲಿನಲ್ಲಿ ಕಿಟಕಿ ಕೆಳಗಿನ ಹುಡುಗ ಯಾಕೆ ಬಂದಿಲ್ಲ ಅನ್ನೋದು ಒಬ್ಬ ಮಾಸ್ತರಿಗೆ ಗೊತ್ತಿರಬೇಕು. ಅದು ಗೊತ್ತಾಗಬೇಕಾದರೆ ಅವರಿಗೆ ಸಂಜೆ ಹೊತ್ತು ಸಿಗಬೇಕು.

ಮಣ್ಣಿನ ದಿನ ಇಡೀ ಊರೇ ಬಂದಿತ್ತು. ನಮ್ಮ ಓಣಿಯವರು, ಗೌಡರ ಮನೆಯವರು, ತಾಂಡಾದ ಹೆಂಗಸರು ಒಬ್ಬರ ಕೊರಳು ಒಬ್ಬರು ಹಿಡಿದು ಹಾಡಿ ಅತ್ತರು. ಟೇಲರ್ ಚಾಚಾಗೆ ಎಂಬತ್ತು ದಾಟಿದೆ, ಮಗನ ಬೈಕ್ ಹಿಂದೆ ಕೂತು ಬಂದು ಕಾಲ ಹತ್ತಿರ ಸುಮ್ನೆ ಕೂತಿದ್ದರು.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಅವತ್ತು ಊರು ಖಾಲಿ, ಹೊಲ ತುಂಬಿರುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಬುಟ್ಟಿಯಲ್ಲಿಟ್ಟು ಹೊತ್ತು ಹೋಗಿ, ಹೊಲದ ತುಂಬ ಚರಗ ಚೆಲ್ಲಿ, ಕಂಡವರನ್ನೆಲ್ಲ ಕೂಗಿ ಕರೆದು ಉಣ್ಣಿಸುತ್ತೇವೆ. ಸರ್ ಆ ದಿನ ಏಳೆಂಟು ಹೊಲ ತಿರುಗುತ್ತಿದ್ದರು, ಒಂದೊಂದರಲ್ಲೂ ನಾಲ್ಕು ತುತ್ತು. ಈ ಸಲ ಬದುವಿನ ಮೇಲೆ ಬಿಳಿ ಟೊಪ್ಪಿಗೆ ಕಂಡಾಗಲೆಲ್ಲ ಅವ್ವ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಸಂಜೆ ಬುಟ್ಟಿಯಲ್ಲಿ ಒಂದಿಷ್ಟು ಉಳಿಸಿ, “ಅವ್ವಾರಿಗಿ ಕೊಟ್ಟು ಬಾ” ಅಂದಳು.

ಮಾರನೇ ದಿನ ಚಿತ್ತಾಪುರಕ್ಕೆ ಹೋದೆ. ಅವ್ವಾರು ಒಬ್ಬರೇ ಇದ್ದರು. ಬುಟ್ಟಿ ಇಸಿದುಕೊಂಡು, ಒಳಗೆ ಇಟ್ಟು, ಬಂದು ಕೂತರು. ಸರ್ ಬಗ್ಗೆ ಊರವರು ಏನೇನು ಹೇಳಿದರು ಅಂತ ನಾನು ಹೇಳುತ್ತಾ ಹೋದೆ. ಕೇಳಿದರು. ಆಮೇಲೆ ನಿಧಾನವಾಗಿ ಅಂದರು:

“ಊರ ಮನಿ ಎಲ್ಲಾ ಚಾ ಕುಡಿದ್ರಪಾ. ನಾ ಮಾಡಿದ ಚಾ ಮಾತ್ರ ಆರಿದ್ದೇ ಜಾಸ್ತಿ.”

ದೂರಿನ ದನಿ ಇರಲಿಲ್ಲ ಅದರಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನನಗೆ ಶನಿವಾರದ ರಾತ್ರಿಗಳು, ಒಲೆ ಪಕ್ಕದಲ್ಲಿ ಬಸಿ ಮುಚ್ಚಿಟ್ಟ ಕಪ್ ನೆನಪಾಯಿತು. ಆ ಏಳು ಮನೆಯ ರೊಟ್ಟಿಯ ಲೆಕ್ಕದಲ್ಲಿ, ಖಾಲಿ ಬಿಟ್ಟ ಫರಸಿಗಳ ಲೆಕ್ಕದಲ್ಲಿ, ಅವರದೂ ಒಂದು ಪಾಲಿತ್ತು. ನಾವು ಯಾರೂ ಅದನ್ನು ಕೂಡಿಸಿರಲಿಲ್ಲ.

ಎದ್ದು ಒಳಗೆ ಹೋದರು. ಒಲೆ ಹಚ್ಚಿದ ಸದ್ದು ಬಂತು. ಅಲ್ಲಿಂದಲೇ ಕೇಳಿದರು.

“ತಮ್ಮಾ, ಅರ್ಧ ಮಾಡ್ಲೋ, ಪೂರಾ ಮಾಡ್ಲೋ?”

“ಪೂರಾ ಮಾಡ್ರಿ ಅವ್ವಾರ. ನಿಮಗೂ ಮಾಡ್ಕೋರಿ.”

ಎರಡು ಕಪ್ ತಂದರು. ಬಿಸಿ ಇತ್ತು. ಇಬ್ಬರೂ ಕೂತು ಕುಡಿದೆವು.